ಎಡಗಾಲಿನ ಚಪ್ಪಲಿ

ಫೆಬ್ರವರಿ ೧೧

ಭಾವನವರಿಗೆ,

ನಮಸ್ಕಾರ. ಫೋನ್ ಮಾಡಬಹುದಿತ್ತು. ಆದರೆ ಲಿಫ್ಟಿನ ಮೋಟಾರುಗಳ ಪಕ್ಕದಲ್ಲಿ ಸವೆದುಹೋದ ನಿಮ್ಮ ಕಿವಿಗೆ ನಾನು ಹೇಳಿದ್ದು ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀವೇ ಊಹಿಸಿಕೊಂಡು, ಊಹಿಸಿದ್ದಕ್ಕೆ ಸಿಟ್ಟಾಗುತ್ತೀರಿ. ಹಾಗಾಗಿ ಕಾಗದ.

ನಾನು ಬಂದು ಸೇರಿದ ಕಂಪನಿ ಪರವಾಗಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಒಂದೊಂದು ಮೇಜು, ಮೇಜಿಗೊಂದು ಬೀಗ. ನನಗೆ ಕೊಟ್ಟ ಕಟ್ಟಡಗಳಲ್ಲಿ ಒಂದು ಮಾತ್ರ ತಲೆನೋವು. ಆರು ಮಹಡಿ, ಹಳೆಯ ಲಿಫ್ಟು, ಕೈಯಿಂದ ಎಳೆದು ಮುಚ್ಚುವ ಜಾಲರಿ ಬಾಗಿಲು. ಮೂರನೇ ಮಹಡಿಯಲ್ಲಿ ಬಟ್ಟೆ ಹೊಲಿಯುವವರು, ನಾಲ್ಕರಲ್ಲಿ ಹಲ್ಲಿನ ಡಾಕ್ಟರು, ಐದರಲ್ಲಿ ಲೆಕ್ಕಪತ್ರದವರು. ಯಾರೋ ಬಾಗಿಲನ್ನು ಸರಿಯಾಗಿ ಮುಚ್ಚದೆ ಹೋಗುತ್ತಾರೆ, ಲಿಫ್ಟ್ ನಿಲ್ಲುತ್ತದೆ, ಉಳಿದವರೆಲ್ಲ ನನಗೆ ಶಾಪ ಹಾಕುತ್ತಾರೆ. ಬಾಗಿಲು ಬೆರಳಗಲ ಬಿಟ್ಟಿದ್ದರೂ ಓಡುವ ಹಾಗೆ ಮಾಡಿಕೊಡಿ ಎಂದು ಹೊಲಿಗೆಯವರು ಅರ್ಜಿಯನ್ನೇ ಕೊಟ್ಟಿದ್ದಾರೆ.

ಅವರನ್ನೆಲ್ಲ ಕೂರಿಸಿಕೊಂಡು, ಅದು ಯಾಕೆ ಆಗುವುದಿಲ್ಲ ಎಂದು ತಿಳಿಸಿ ಹೇಳಬೇಕೆಂದು ನಮ್ಮ ಮ್ಯಾನೇಜರ್ ಹೇಳಿದ್ದಾರೆ. ನಾನು ನಿಮ್ಮ ಮನೆಗೆ ಬಂದ ಹೊಸದರಲ್ಲಿ ಅಕ್ಕನಿಗೂ ನನಗೂ ಊಟದ ಮೇಜಿನ ಮೇಲೆ ಸರ್ಕ್ಯೂಟ್ ಅಂದರೆ ಏನು ಎಂದು ಹೇಳಿಕೊಟ್ಟಿದ್ದಿರಿ. ನನಗೆ ಅರ್ಥವಾಗಿತ್ತು ಎನ್ನುವುದು ನೆನಪಿದೆ, ನೀವು ಏನು ಹೇಳಿದಿರಿ ಎನ್ನುವುದು ನೆನಪಿಲ್ಲ. ಬರೆದು ಕಳಿಸಿದರೆ ಉಪಕಾರ.

ಇನ್ನೊಂದು ವಿಷಯ. ನನಗೆ ಇಲ್ಲಿ ಒಬ್ಬಳೇ ಕೆಲಸ ಮಾಡುವ ಪರವಾನಗಿ ಸಿಕ್ಕಿದೆ. ಸದ್ಯಕ್ಕೆ ಪರೀಕ್ಷೆಯ ಅವಧಿ. ವರ್ಷದ ನಡುವೆ ತಪಾಸಣಾಧಿಕಾರಿ ನೋಡಿ ಖಾಯಂ ಮಾಡುತ್ತಾರೆ. ಈಗ ನನ್ನ ಬೆನ್ನ ಹಿಂದೆ ನಿಮ್ಮ ಹಾಗೆ ಟಾರ್ಚ್ ಹಿಡಿದು ಯಾರೂ ನಿಲ್ಲುವುದಿಲ್ಲ.

ಇಂತಿ,
ನಿಮ್ಮ ಹೆಂಡತಿಯ ತಂಗಿ

—

ಫೆಬ್ರವರಿ ೨೩

ನನ್ನ ಹೆಂಡತಿಯ ತಂಗಿಗೆ,

ನಿನಗೊಂದು ಹೆಸರಿತ್ತು ಎಂದು ನೆನಪು. ನಾನು ಚೋಟು ಎಂದು ಕರೆಯುತ್ತಿದ್ದೆ. ಈಗಲೂ ಹಾಗೇ ಕರೆಯುತ್ತೇನೆ, ಕಾಗದದಲ್ಲಿ ನೀನು ಮುಖ ತಿರುಗಿಸಿದರೆ ನನಗೇನೂ ಕಾಣುವುದಿಲ್ಲ.

ಊಟದ ಮೇಜಿನ ವಿಷಯ. ಸುತ್ತ ನಾಲ್ಕು ಜನ ಕೂತಿದ್ದಾರೆ. ಒಬ್ಬರಿಂದ ಒಬ್ಬರಿಗೆ ಪಾತ್ರೆ ದಾಟುತ್ತ ಸುತ್ತು ಬಂದು ಹೊರಟಲ್ಲಿಗೇ ಸೇರಬೇಕು. ಸುತ್ತು ಪೂರ್ತಿಯಾದರೆ ಎಲ್ಲರಿಗೂ ಊಟ. ಅದು ಮುಚ್ಚಿದ ಸರ್ಕ್ಯೂಟ್. ನಡುವೆ ಒಬ್ಬ ಎದ್ದು ಕೈ ತೊಳೆಯಲು ಹೋದ ಎನ್ನು. ಅಲ್ಲಿ ಪಾತ್ರೆ ನಿಂತಿತು. ಅವನೊಬ್ಬನಿಗೆ ಮಾತ್ರವಲ್ಲ, ಎಲ್ಲರಿಗೂ ನಿಂತಿತು. ಅದು ತೆರೆದ ಸರ್ಕ್ಯೂಟ್. ವಿದ್ಯುತ್ತಿಗೆ ಅರ್ಧ ದಾರಿ ಹೋಗಿ ಕಾಯುವ ತಾಳ್ಮೆ ಇಲ್ಲ. ವಾಪಸು ಬರುವ ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ. ಸ್ವಿಚ್ ಎಂದರೆ ಆ ಎದ್ದು ಹೋಗುವ ಮನುಷ್ಯ, ಅಷ್ಟೇ. ನಿನ್ನ ಅಕ್ಕ ಅಂದು, "ಹಾಗಾದ್ರೆ ಬಡಿಸೋಕೆ ನಿಂತಿರೋಳು ಯಾವ ಸರ್ಕ್ಯೂಟು?" ಎಂದು ಕೇಳಿದ್ದಳು. ಅಂದಿನಿಂದ ಅವಳೂ ಕೂತೇ ಊಟ ಮಾಡುತ್ತಾಳೆ.

ನಿನ್ನ ಬಾಡಿಗೆದಾರರಿಗೆ ಹೇಳಬೇಕಾದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಲಿಫ್ಟಿನ ಪ್ರತಿ ಬಾಗಿಲಿಗೂ ಒಂದು ಸಣ್ಣ ಸ್ವಿಚ್ಚಿದೆ. ಎಲ್ಲ ಒಂದೇ ಸಾಲಿನಲ್ಲಿವೆ. ಎಲ್ಲ ಬಾಗಿಲೂ ಮುಚ್ಚಿದ್ದರೆ ಸಾಲು ಪೂರ್ತಿ. ಆಗ ಮಾತ್ರ ಬ್ರೇಕ್ ಬಿಡುತ್ತದೆ. ಹೌದು, ಬಿಡುತ್ತದೆ. ಬ್ರೇಕ್ ಹಿಡಿಯಲು ವಿದ್ಯುತ್ ಬೇಕು ಎಂದೇ ಎಲ್ಲರೂ ತಿಳಿದಿರುತ್ತಾರೆ. ಅಲ್ಲ. ಸ್ಪ್ರಿಂಗ್ ಸದಾ ಹಿಡಿದೇ ಇರುತ್ತದೆ, ವಿದ್ಯುತ್ ಅದನ್ನು ಬಿಡಿಸಿ ಎತ್ತಿ ಹಿಡಿದಿರುತ್ತದೆ. ಬಾಗಿಲು ತೆರೆದರೆ, ತಂತಿ ತುಂಡಾದರೆ, ಇಲಿ ಕಡಿದರೆ, ಊರಿಗೇ ಕರೆಂಟ್ ಹೋದರೆ, ಏನೇ ಆದರೂ ಬ್ರೇಕ್ ಕಚ್ಚಿಕೊಳ್ಳುತ್ತದೆ. ಕೆಡದ ಯಂತ್ರ ಇಲ್ಲ. ಆದರೆ ಕೆಡುವಾಗ ನಿಲ್ಲುವ ಕಡೆಗೆ ಕೆಡಬೇಕು, ಓಡುವ ಕಡೆಗಲ್ಲ. ಹೊಲಿಗೆಯವರಿಗೆ ಇಷ್ಟು ಹೇಳು.

ದೋಷ ಹುಡುಕಲು ಆ ಸಾಲಿಗೆ ಅಡ್ಡ ತಂತಿ, ಅದೇ ಜಂಪರ್, ಹಾಕುವಾಗ ಚಪ್ಪಲಿ ನಿಯಮ ಮರೆಯಬೇಡ. ಟಾರ್ಚ್ ಇಲ್ಲಿ ಕ್ಷೇಮ. ಅಕ್ಕನೂ ಕ್ಷೇಮ. ನಿನ್ನ ಕೋಣೆಯಲ್ಲಿ ಈಗ ಹಳೆಯ ಮೋಟಾರುಗಳು ಮಲಗಿವೆ.

ಭಾವ

—

ಮಾರ್ಚ್ ೩೦

ಭಾವ,

ಪಾಠ ಮುಗಿಯಿತು. ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ, ಡಾಕ್ಟರ ಪ್ಲಾಸ್ಟಿಕ್ ದವಡೆಯನ್ನು ಕೈಯಿಂದ ಕೈಗೆ ದಾಟಿಸಿದೆ. ಹೊಲಿಗೆಯಾತ ಫೋನ್ ಬಂತೆಂದು ಎದ್ದ. ದವಡೆ ಲೆಕ್ಕಪತ್ರದ ಹೆಂಗಸಿನ ತೊಡೆಯ ಮೇಲೆ ನಿಂತುಬಿಟ್ಟಿತು. "ನೋಡಿ, ಇವರು ಎದ್ದಿದ್ದಕ್ಕೆ ಇಡೀ ಲಿಫ್ಟು ನಿಂತಿತು," ಎಂದೆ. ಎಲ್ಲರೂ ಅವನನ್ನು ನೋಡಿದರು. ಅಂದಿನಿಂದ ಮೂರನೇ ಮಹಡಿಯ ಬಾಗಿಲು ಸರಿಯಾಗಿ ಮುಚ್ಚುತ್ತಿದೆ.

ಪಾಠಕ್ಕೆ ಕರೆಯದೆ ಬಂದವರು ಒಬ್ಬರಿದ್ದರು. ಈ ಕಟ್ಟಡದ ಮೆಟ್ಟಿಲು, ನೆಲ ಒರೆಸುವ ಹೆಂಗಸು. ವಯಸ್ಸಾದವರು. ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಾಗಿಲಲ್ಲಿ ಬಕೆಟ್ ಹಿಡಿದು ನಿಂತೇ ಕೇಳಿದರು. ಅವರಿಗೊಂದು ಚಟ. ಯಾರ ಚಪ್ಪಲಿ ಎಲ್ಲಿ ಚೆಲ್ಲಾಡಿದ್ದರೂ ಜೋಡಿ ಮಾಡಿ, ಮುಖ ಹೊರಗೆ ಮಾಡಿ ಇಡುತ್ತಾರೆ. ಹಲ್ಲು ಕೀಳಿಸಿಕೊಂಡು ಬಂದವರು ಕಣ್ಣು ಮುಚ್ಚಿ ಮೆಟ್ಟಿಕೊಂಡು ಹೋಗಬಹುದು.

ಚಪ್ಪಲಿ ನಿಯಮ ಇಲ್ಲೂ ನಡೆಸುತ್ತಿದ್ದೇನೆ. ಕೆಲಸದ ಬೂಟು ಹಾಕಿಕೊಳ್ಳುವಾಗ ಕೆಳಗೆ ಕಾವಲುಗಾರನ ಕೋಣೆಯ ಹೊರಗೆ ಚಪ್ಪಲಿ ಬಿಡುತ್ತೇನೆ. ಜಂಪರ್ ಹಾಕುವ ದಿನ ಎಡಗಾಲಿನದ್ದು ನನ್ನ ಜೊತೆ ತಾರಸಿಯ ಮಿಷನ್ ರೂಮಿಗೆ ಬರುತ್ತದೆ, ಪ್ಯಾನಲ್‌ನ ಕೆಳಗೆ ಕೂರುತ್ತದೆ. ಬಾಗಿಲ ಸಾಲಿಗೆ ಅಡ್ಡಲಾಗಿ ತಂತಿ ಸಿಕ್ಕಿಸಿ ದೋಷ ಹುಡುಕುವಾಗ ನಮ್ಮನ್ನು ಕಾಯುವ ಎಲ್ಲ ಬಾಗಿಲ ಸ್ವಿಚ್ಚುಗಳೂ ಸತ್ತಂತೆ. ಆ ತಂತಿಯನ್ನು ಮರೆತು ಹೋಗಬಾರದು. ಒಂಟಿ ಚಪ್ಪಲಿಯಲ್ಲಿ ಯಾರೂ ಮನೆಗೆ ಹೋಗುವುದಿಲ್ಲ, ಹಾಗಾಗಿ ಮತ್ತೆ ಮೇಲೆ ಹತ್ತಲೇಬೇಕು. ಕಚೇರಿಯವರು ಇದನ್ನು ಕೇಳಿ ನಕ್ಕು, ಕೆಂಪು ಚೀಟಿಗಳ ಕಟ್ಟೊಂದನ್ನು ಕೊಟ್ಟರು. ಚೀಟಿಯನ್ನೂ ಕಟ್ಟುತ್ತೇನೆ. ಆದರೆ ಪ್ಯಾನಲ್‌ಗೆ ಕಟ್ಟಿದ ಚೀಟಿ ಮೇಲೆ ಹತ್ತಿದವರಿಗಷ್ಟೇ ಕಾಣುತ್ತದೆ. ನನಗೆ ಚಪ್ಪಲಿಯ ಮೇಲೇ ನಂಬಿಕೆ.

ಕೋಣೆಯಲ್ಲಿ ಮೋಟಾರು ಇಟ್ಟಿದ್ದು ಒಳ್ಳೆಯದಾಯಿತು. ಅವಕ್ಕೆ ಒಬ್ಬರೇ ಇರಲು ಭಯವಿಲ್ಲ ಎಂದು ನಿಮಗೆ ಗೊತ್ತಿದೆಯಲ್ಲ.

ಚೋಟು

—

ಏಪ್ರಿಲ್ ೮

ಚೋಟು,

ಪ್ಲಾಸ್ಟಿಕ್ ದವಡೆ ನನಗೆ ಹೊಳೆದಿರಲಿಲ್ಲ. ನಮ್ಮ ಶೆಡ್ಡಿನ ಉದ್ದಣ್ಣನಿಗೆ ಓದಿ ಹೇಳಿದೆ. ನೀನು ಇದ್ದಾಗಿನ ಹಾಗೇ ಈಗಲೂ ತಲೆ ಬಗ್ಗಿಸಿಯೇ ಮಿಷನ್ ರೂಮಿಗೆ ನುಗ್ಗುತ್ತಾನೆ, ಈಗಲೂ ತಲೆ ಹೊಡೆದುಕೊಳ್ಳುತ್ತಾನೆ. ಅವನು ನಕ್ಕು ನಕ್ಕು ಕೆಳಗೆ ಕೂತ.

ಪಕ್ಕದ ಮನೆಯವರ ಕರೆಗಂಟೆ ಕೆಟ್ಟಿತ್ತು. ಕೆಟ್ಟಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಈಚೆಗೆ ಯಾರೂ ನಮ್ಮನ್ನು ನೋಡಲು ಬರುತ್ತಿಲ್ಲ ಎಂದು ಆತ ಕೊರಗುತ್ತಿದ್ದ. ಬಂದವರು ಗುಂಡಿ ಒತ್ತಿ, ಕಾದು, ಮನೆಯಲ್ಲಿ ಯಾರೂ ಇಲ್ಲವೆಂದು ತಿರುಗಿ ಹೋಗಿದ್ದಾರೆ. ಕರೆಗಂಟೆಯ ತೊಂದರೆಯೇ ಇದು. ಅದರ ಸರ್ಕ್ಯೂಟ್ ಸದಾ ತೆರೆದಿರುತ್ತದೆ, ಒತ್ತಿದಾಗಷ್ಟೇ ಮುಚ್ಚುತ್ತದೆ. ತಂತಿ ಕಡಿದರೂ ಮೌನ, ಯಾರೂ ಬಾರದಿದ್ದರೂ ಮೌನ. ಎರಡು ಮೌನಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಸರಿ ಮಾಡಿಕೊಟ್ಟೆ. ಈಗ ಬರುವವರು ಹೆಚ್ಚಾಗಿದ್ದಾರೆ ಎಂದು ಗೊಣಗುತ್ತಾನೆ.

ಟಾರ್ಚ್ ಎಂದು ಒಮ್ಮೆ, ಒಬ್ಬರೇ ಇರುವ ಭಯ ಎಂದು ಒಮ್ಮೆ, ಎರಡು ಸಲ ನೀನು ಚುಚ್ಚಿ ಬರೆದೆ. ನನಗೆ ಕೇಳಿಸುವುದಿಲ್ಲ, ಓದಲು ಬರುತ್ತದೆ.

ಭಾವ

—

ಜೂನ್ ೧೯

ತಂಗಿಗೆ,

ಎರಡು ತಿಂಗಳಾಯಿತು ನಿನ್ನ ಕಾಗದವಿಲ್ಲ. ಫೋನ್ ಎತ್ತುವುದಿಲ್ಲ. ನಿನ್ನೆ ನಿಮ್ಮ ಕಂಪನಿಯಿಂದ ಯಾರೋ ಫೋನ್ ಮಾಡಿದರು. ಇವರು ಎತ್ತಿ, "ನಮಗೆ ಹೊಸ ಲಿಫ್ಟು ಬೇಡ, ನಾವೇ ಲಿಫ್ಟಿನೋರು," ಎಂದು ಇಟ್ಟುಬಿಟ್ಟರು. ಮತ್ತೆ ಬಂದಾಗ ನಾನು ಎತ್ತಿದೆ. ನಿನ್ನ ಲಿಫ್ಟಿನಲ್ಲಿ ಒಬ್ಬ ಸಾಮಾನು ತಲುಪಿಸುವವನ ಕಾಲು ಮುರಿದಿದೆ, ಜುಲೈಯಲ್ಲಿ ವಿಚಾರಣೆ ಇದೆ, ನಿನಗೆ ಕೆಲಸ ಕಲಿಸಿದವರು ಯಾರು ಎಂದು ದಾಖಲೆಗೆ ಬೇಕು ಎಂದರು.

ಇವರಿಗೆ ಜೋರಾಗಿ ಹೇಳಿದೆ. ಮೂರು ಸಲ ಹೇಳಬೇಕಾಯಿತು. ಅಂಥ ಮಾತನ್ನು ಮೂರು ಸಲ ಕೂಗಿ ಹೇಳುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾಗಲಿಕ್ಕಿಲ್ಲ. ಕೇಳಿದ ಮೇಲೆ ಅವರು ಅಂದದ್ದು ಒಂದೇ ಮಾತು. "ಚಪ್ಪಲಿ ಇಟ್ಟಿರಲಿಲ್ವಾ ಅಂತ ಕೇಳು."

ನಾನು ಕೇಳುವುದು ಅದಲ್ಲ. ಊಟ ಮಾಡುತ್ತಿದ್ದೀಯಾ? ನಾನು ಬರಲಾ? ಅಮ್ಮ ಹೋದಾಗ ನೀನು ಹೀಗೇ ಬಾಯಿ ಹೊಲಿದುಕೊಂಡು ಕೂತಿದ್ದೆ. ಆಗ ಚಿಕ್ಕವಳು ಎಂದು ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ. ಬರೆ.

ಅಕ್ಕ

—

ಜೂನ್ ೨೭

ಅಕ್ಕನಿಗೂ ಭಾವನಿಗೂ,

ಊಟ ಮಾಡುತ್ತಿದ್ದೇನೆ. ಬರಬೇಡ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಮೇ ತಿಂಗಳ ಒಂದು ಬೆಳಿಗ್ಗೆ ಆ ಹಳೆಯ ಲಿಫ್ಟು ಕೈಕೊಟ್ಟಿತು. ಎಲ್ಲ ಬಾಗಿಲೂ ಮುಚ್ಚಿದ್ದವು, ಆದರೂ ಹೊರಡುತ್ತಿರಲಿಲ್ಲ. ಕೆಳಗಿನ ಕೀಲಿ ತಿರುಗಿಸಿ ಕರೆಯುವ ಗುಂಡಿಗಳನ್ನೆಲ್ಲ ಬಂದ್ ಮಾಡಿದೆ, "ಕೆಟ್ಟಿದೆ" ಎಂಬ ಬೋರ್ಡು ತೂಗುಹಾಕಿದೆ. ಎಡ ಚಪ್ಪಲಿ ಎತ್ತಿಕೊಂಡು ಮೇಲೆ ಹೋದೆ. ದೋಷ ಬಾಗಿಲ ಸಾಲಿನಲ್ಲೇ ಇದೆಯೋ ನೋಡಲು ಇಡೀ ಸಾಲಿಗೆ ಅಡ್ಡಲಾಗಿ ಜಂಪರ್ ಹಾಕಿದೆ. ಕೆಂಪು ಚೀಟಿ ಕಟ್ಟಿದೆ. ಚಪ್ಪಲಿ ಇಟ್ಟೆ, ಭಾವ. ಇಟ್ಟಿದ್ದೆ.

ಆಮೇಲೆ ಮಹಡಿಯಿಂದ ಮಹಡಿಗೆ ಇಳಿಯುತ್ತ ಒಂದೊಂದೇ ಸ್ವಿಚ್ ನೋಡಿದೆ. ಮೂರನೆಯದರಲ್ಲಿ ಹೊಲಿಗೆಯ ನೂಲಿನ ಧೂಳು ತುಂಬಿ ಎರಡು ತುದಿ ಮುಟ್ಟುತ್ತಿರಲಿಲ್ಲ. ಬಿಡಿಸಿ ಒರೆಸಿದೆ. ಅಷ್ಟರಲ್ಲಿ ಡಾಕ್ಟರು ಕರೆದು ಮೆಟ್ಟಿಲ ದೀಪ ನೋಡು ಎಂದರು, ನೋಡಿದೆ. ಹೊಲಿಗೆಯಾತ ಬಂದು, ನನ್ನ ಬಾಗಿಲಿನದೇ ತಪ್ಪಾ ಎಂದು ಜಗಳಕ್ಕೆ ನಿಂತ, ಆಡಿದೆ. ಕೆಳಗೆ ಬಂದು ಲಿಫ್ಟನ್ನು ಓಡಿಸಿ ನೋಡಿದೆ. ಸಲೀಸಾಗಿ ಓಡಿತು. ಓಡದೆ ಏನು, ಮೇಲೆ ತಂತಿ ಕೂತಿತ್ತಲ್ಲ. ಕೀಲಿ ತಿರುಗಿಸಿದೆ, ಬೋರ್ಡು ತೆಗೆದೆ, ಕೈ ತೊಳೆದೆ. ಕಾವಲುಗಾರನ ಕೋಣೆಯ ಹೊರಗೆ ಎರಡೂ ಚಪ್ಪಲಿ ಇದ್ದವು. ಹಾಕಿಕೊಂಡು ಮನೆಗೆ ಹೊರಟೆ.

ಮರುದಿನ ಬೆಳಿಗ್ಗೆ ಮೂರನೇ ಮಹಡಿಯಲ್ಲಿ ಒಬ್ಬ ಬಟ್ಟೆಯ ಗಂಟುಗಳನ್ನು ಇಳಿಸುತ್ತಿದ್ದ. ಜಾಲರಿ ಪೂರ್ತಿ ತೆರೆದಿತ್ತು. ಒಂದು ಕಾಲು ಒಳಗೆ, ಒಂದು ಹೊರಗೆ. ಐದನೇ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿದರು. ಲಿಫ್ಟ್ ಹೊರಟಿತು. ಅವನು ಹಿಂದಕ್ಕೆ ಬಿದ್ದ. ಪಾದದ ಮೂಳೆ ಎರಡು ಕಡೆ ಮುರಿದಿದೆ. ನಡೆಯುತ್ತಾನೆ, ಆದರೆ ಹೊರೆ ಹೊರುವುದು ಇನ್ನು ಆಗುವುದಿಲ್ಲ ಎನ್ನುತ್ತಾರೆ. ಆಸ್ಪತ್ರೆಗೆ ಹೋಗಿದ್ದೆ. "ನೀವೇನಾ ರಿಪೇರಿಯವ್ರು?" ಎಂದ. ಹೌದು ಎಂದೆ. "ಬಾಗಿಲು ತೆಗೆದಿದ್ರೆ ಅದು ಹೋಗಲ್ಲ ಅಂತ ಹೇಳಿದ್ರಲ್ಲ, ಆ ದವಡೆ ದಿನ ಹೊಲಿಗೆಯವ್ರ ಜೊತೆ ನಾನೂ ಇದ್ದೆ," ಎಂದ. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಆ ಸಂಜೆ ದೊಡ್ಡಮ್ಮ ನನ್ನನ್ನು ಮೆಟ್ಟಿಲ ಕೆಳಗೆ ಕರೆದು ಹೇಳಿದರು. ಹಿಂದಿನ ದಿನ ತಾರಸಿ ಗುಡಿಸಲು ಹೋದಾಗ ತೆರೆದಿದ್ದ ಮಿಷನ್ ರೂಮಿನೊಳಗೆ ಒಂದು ಚಪ್ಪಲಿ ಕಂಡಿತಂತೆ. "ಪಾಪ, ಹುಡುಗಿ ಒಂಟಿ ಚಪ್ಪಲೀಲಿ ಹೇಗೆ ಹೋಗ್ತಾಳೆ, ನಾಯಿ ಎಳ್ಕೊಂಡ್ ಬಂದಿರ್ಬೇಕು ಅಂದ್ಕೊಂಡು ತಂದು ಜೋಡಿ ಇಟ್ಟೆ ಮಗಳೇ. ಅದಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?" ಇಲ್ಲ ಎಂದೆ.

ಮ್ಯಾನೇಜರ್‌ಗೆ ಇದು ಹೇಗೋ ತಿಳಿದಿದೆ. ಸುರಕ್ಷತೆಗಾಗಿ ಇಟ್ಟ ಗುರುತನ್ನು ಹೊರಗಿನವರು ತೆಗೆದರು ಎಂದು ವಿಚಾರಣೆಯಲ್ಲಿ ಹೇಳು, ಪರವಾನಗಿ ಉಳಿಯುತ್ತದೆ ಎನ್ನುತ್ತಾರೆ. ಹೇಳಿದರೆ ದೊಡ್ಡಮ್ಮನನ್ನು ಗುತ್ತಿಗೆದಾರ ಅವತ್ತೇ ಕಳಿಸಿಬಿಡುತ್ತಾನೆ. ಆದರೆ ಬರೀ ಅದಕ್ಕಾಗಿ ನಾನು ಯೋಚಿಸುತ್ತಿಲ್ಲ. ಅವರು ಹೇಳಿಸುತ್ತಿರುವ ಮಾತು ನಿಜವೇ ಅಲ್ಲ ಎನ್ನಿಸುತ್ತಿದೆ.

ಭಾವ, ನೀವೇ ನೋಡಿ. ಕೆಳಗೆ ಎರಡು ಚಪ್ಪಲಿ ಇದ್ದರೆ ಮನೆಗೆ ಹೋಗು, ಒಂದೇ ಇದ್ದರೆ ನಿಲ್ಲು. ಇದೂ ಒಂದು ಸರ್ಕ್ಯೂಟೇ. ಎಡ ಚಪ್ಪಲಿ ಎತ್ತಿಕೊಂಡರೆ ಅದು ತೆರೆಯುತ್ತದೆ, ನಾನು ನಿಲ್ಲುತ್ತೇನೆ. ದೊಡ್ಡಮ್ಮ ಅದನ್ನು ತಂದು ಜೋಡಿಸಿದರು, ಮುಚ್ಚಿಕೊಂಡಿತು, ನಾನು ಹೊರಟೆ. ಜಂಪರ್ ಕಾಯಲು ನಾವು ಇಟ್ಟ ಚಪ್ಪಲಿಗೇ ಅವರು ಜಂಪರ್ ಹಾಕಿದರು. ಯಾರು ಬೇಕಾದರೂ, ಒಳ್ಳೆಯ ಮನಸ್ಸಿನಿಂದ, ಹಾಕಬಹುದಾದ ಜಂಪರ್. ಅಂದರೆ ನಮ್ಮ ನಿಯಮ ಕೆಟ್ಟಾಗ ಓಡುವ ಕಡೆಗೆ ಕೆಡುತ್ತದೆ. ವಿಚಾರಣೆಯಲ್ಲಿ ಇದನ್ನು ಹೇಳಬೇಕೆಂದಿದ್ದೇನೆ. ನಿಮಗೆ ಮೊದಲು ಹೇಳದೆ ಅಲ್ಲಿ ಹೇಳಲಾರೆ.

ಚೋಟು

—

ಜುಲೈ ೫

ಚೋಟು,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕಾಲು ಮುರಿದವನ ವಿಷಯ ಓದಿ ಸಂಕಟವಾಯಿತು. ಉಳಿದದ್ದನ್ನು ಓದಿ ಸಂಕಟವಾಗಲಿಲ್ಲ, ಸಿಟ್ಟು ಬಂತು.

ನಿನ್ನ ಅಕ್ಕನನ್ನು ಮದುವೆಯಾಗುವ ಮೊದಲಿಂದ ಈ ನಿಯಮ ನಮ್ಮ ಶೆಡ್ಡಿನಲ್ಲಿದೆ. ಇಷ್ಟು ಕಾಲ ಎಷ್ಟು ಜಂಪರ್ ಹಾಕಿದ್ದೇವೆ, ತೆಗೆದಿದ್ದೇವೆ. ಒಂದನ್ನೂ ಮರೆತಿಲ್ಲ. ಉದ್ದಣ್ಣ ತನ್ನ ಮಗಳ ಮದುವೆಯ ಗಡಿಬಿಡಿಯಲ್ಲೂ ಮರೆತಿಲ್ಲ. ಈ ಊರಿನ ಬೇರೆ ಶೆಡ್ಡುಗಳವರೂ ನಮ್ಮನ್ನು ನೋಡಿ ಕಲಿತರು. ತಪಾಸಣಾಧಿಕಾರಿಗಳಿಗೂ ಗೊತ್ತು. ನನ್ನ ಹೆಸರು ಎಲ್ಲಾದರೂ ಬಂದರೆ ಈ ನಿಯಮದ ಜೊತೆಗೇ ಬರುತ್ತದೆ. ನನ್ನದು ಎಂದು ಹೇಳಿಕೊಳ್ಳಲು ನನ್ನ ಹತ್ತಿರ ಬೇರೆ ಏನೂ ಇಲ್ಲ.

ನಿಯಮ ಕೆಡಲಿಲ್ಲ. ನಿಯಮವನ್ನು ಒಬ್ಬರು ಕೆಡಿಸಿದರು. ಗೊತ್ತಿಲ್ಲದೆ ಕೆಡಿಸಿದರು, ಒಪ್ಪಿದೆ. ಗೊತ್ತಿಲ್ಲದೆ ತಂತಿ ಕಡಿದವನಿಗೂ ತಂತಿ ಕಡಿದೆ ಎಂದೇ ಹೇಳಬೇಕು. ಆದದ್ದನ್ನು ಆದ ಹಾಗೆ ಹೇಳು. ಆ ಹೆಂಗಸಿಗೆ ಬೇರೆ ಕೆಲಸ ನಾನು ಹುಡುಕಿಕೊಡುತ್ತೇನೆ, ಬೇಕಾದರೆ ಇಲ್ಲಿಗೇ ಕರೆದುಕೊಂಡು ಬಾ. ನಿನ್ನ ಪರವಾನಗಿ ಉಳಿಯುತ್ತದೆ.

ನಿಯಮವೇ ತಪ್ಪು ಎಂದು ಅಲ್ಲಿ ಹೇಳಿದರೆ ನಿನಗೂ ಲಾಭವಿಲ್ಲ, ನನ್ನನ್ನೂ ಬೀದಿಗೆ ನಿಲ್ಲಿಸಿದ ಹಾಗೆ. ಹಾಗೆ ಹೇಳುವುದಿದ್ದರೆ ಆಮೇಲೆ ನನಗೆ ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಭಾವ

—

ಜುಲೈ ೨೪

ಭಾವನವರಿಗೆ,

ಇದೊಂದು ಬರೆಯಲೇಬೇಕು. ಓದುವುದು ಬಿಡುವುದು ನಿಮ್ಮ ಇಷ್ಟ.

ವಿಚಾರಣೆ ತಪಾಸಣಾ ಕಚೇರಿಯ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇತ್ತು, ನಾನು ಮೆಟ್ಟಿಲು ಹತ್ತಿದೆ. ತಪಾಸಣಾಧಿಕಾರಿ ನಿಧಾನದ ಮನುಷ್ಯ. ಪ್ರತಿ ಪ್ರಶ್ನೆಗೂ ಮೊದಲು ಕನ್ನಡಕ ಒರೆಸುತ್ತಾರೆ. ಜಂಪರ್ ಹಾಕಿದ್ದು ಯಾರು ಎಂದರು. ನಾನು. ತೆಗೆಯಬೇಕಾದದ್ದು ಯಾರು. ನಾನು. ಚಪ್ಪಲಿಯ ಜಾಗ ಬದಲಿಸಿದ್ದು ಯಾರು ಎಂದಾಗ, ಯಾರಾದರೂ ಬದಲಿಸಬಹುದಾದ ಜಾಗದಲ್ಲಿ ನಾನೇ ಇಟ್ಟಿದ್ದೆ ಎಂದೆ. ಮ್ಯಾನೇಜರ್ ಕೆಮ್ಮಿದರು. ನಾನು ಹೆಸರು ಹೇಳಲಿಲ್ಲ, ಅವರೂ ಹೇಳಲಿಲ್ಲ.

ಆಮೇಲೆ ನಿಮಗೆ ಬರೆದದ್ದನ್ನೇ ಹೇಳಿದೆ. ಚಪ್ಪಲಿ ನನ್ನ ಪರವಾಗಿ ನೆನಪಿಟ್ಟುಕೊಳ್ಳುತ್ತದೆ ಎಂದು ನಾನು ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟಿದ್ದೆ. ಎರಡೂ ಇವೆಯೆಂದು ಕಣ್ಣು ಹೇಳಿತು, ಕಾಲು ತಾನಾಗಿ ಹೊರಟಿತು. ತಂತಿ ತೆಗೆದೆನೇ ಎಂಬ ಪ್ರಶ್ನೆ ತಲೆಗೆ ಬರಲೇ ಇಲ್ಲ. ಅಧಿಕಾರಿ, "ಈ ಪದ್ಧತಿ ನಿಮಗೆ ಹೇಳ್ಕೊಟ್ಟಿದ್ದು ಯಾರು?" ಎಂದರು. ನಿಮ್ಮ ಹೆಸರು ಹೇಳಿದೆ. ನನಗೆ ಗೊತ್ತಿರುವುದೆಲ್ಲ ಅವರೇ ಕಲಿಸಿದ್ದು, ಇದು ತಪ್ಪು ಎಂದು ಕಂಡುಹಿಡಿಯುವುದನ್ನೂ ಅವರೇ ಕಲಿಸಿದ್ದು ಎಂದೆ. ಅಧಿಕಾರಿ ಅದರಲ್ಲಿ ಮೊದಲರ್ಧವನ್ನು ಮಾತ್ರ ಬರೆದುಕೊಂಡರು.

ಪರವಾನಗಿ ರದ್ದಾಗಿದೆ. ಒಂದು ವರ್ಷ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿ ಮತ್ತೆ ಪರೀಕ್ಷೆಗೆ ಕೂರಬೇಕು. ಇಲ್ಲಿಯ ಹಿರಿಯ ಮೆಕ್ಯಾನಿಕ್ ಒಬ್ಬರ ಜೊತೆ ಹಾಕಿದ್ದಾರೆ. ಅವರೂ ಟಾರ್ಚ್ ಹಿಡಿಯುತ್ತಾರೆ, ಆದರೆ ನನ್ನ ಕಣ್ಣಿಗೇ ಹಿಡಿಯುತ್ತಾರೆ.

ಪರವಾನಗಿ ಹೋದದ್ದಕ್ಕೆ ಬೇಸರವಿದೆ. ಆ ಮನುಷ್ಯನ ಕಾಲಿನ ವಿಷಯಕ್ಕೆ ಬೇಸರ ಎನ್ನುವ ಮಾತು ಸಾಲುವುದಿಲ್ಲ. ನಿಮ್ಮನ್ನು ನೋಯಿಸಿದ್ದಕ್ಕೆ ನನಗೂ ನೋವಾಗಿದೆ. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂತಿ,
ಚೋಟು

—

ಅಕ್ಟೋಬರ್ ೨

ತಂಗಿಗೆ,

ನೀನು ಕಳಿಸಿದ ಶಾಲು ಬಂತು. ಇವರಿಗೂ ಒಂದು ಕಳಿಸಿದ್ದೀಯ, ಅದನ್ನು ಕಪಾಟಿನಲ್ಲಿಟ್ಟಿದ್ದೇನೆ. ಯಾರು ಕಳಿಸಿದ್ದು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಳಿ ಬಂದ ಮೇಲೆ ನೋಡೋಣ.

ತಪಾಸಣಾ ಕಚೇರಿಯಿಂದ ಎಲ್ಲ ಶೆಡ್ಡುಗಳಿಗೂ ಸುತ್ತೋಲೆ ಬಂದಿದೆ. ಚಪ್ಪಲಿ, ಟೋಪಿ, ಮನೆಯ ಬೀಗದಕೈ ಇಂಥ ವೈಯಕ್ತಿಕ ವಸ್ತುಗಳನ್ನು ಗುರುತಾಗಿ ಬಳಸಬಾರದು ಎಂದು. ಇವರು ಅದನ್ನು ಓದಿ ಮಡಿಸಿ ಮೋಟಾರಿನ ಕೆಳಗೆ ಒತ್ತಿಗೆ ಇಟ್ಟರು. ಮೋಟಾರು ಈಗ ಅಲುಗಾಡುವುದಿಲ್ಲವಂತೆ. ಕೆಲಸದವರಿಗೆ, ನೀವು ನಿಮ್ಮ ಪದ್ಧತಿ ಮುಂದುವರಿಸಿ ಎಂದಿದ್ದಾರೆ. ನಿನ್ನ ಹೆಸರು ಎತ್ತುವ ಹಾಗಿಲ್ಲ. ನಾನು ಎತ್ತುತ್ತೇನೆ. ಕೇಳಿಸದ ಹಾಗೆ ಇರುತ್ತಾರೆ. ಆದರೆ ನಾನು ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಗೊಣಗಿದ್ದು ಮಾತ್ರ ಹಾಲ್‌ವರೆಗೂ ಕೇಳಿಸುತ್ತದೆ.

ನೀನು ಮನೆ ಬಿಟ್ಟು ಹೊರಟ ದಿನ ಏನಾಯಿತು ಎಂದು ನಿನಗೆ ಯಾರೂ ಹೇಳಿಲ್ಲ. ಇವರು ಬಸ್ ನಿಲ್ದಾಣಕ್ಕೆ ಬಂದಿದ್ದರು. ನಿನಗೆ ಕಾಣದ ಹಾಗೆ ಟಿಕೆಟ್ ಕೊಡುವ ಕಿಟಕಿಯ ಹಿಂದೆ ನಿಂತು, ಬಸ್ಸಿನ ಹಿಂದಿನ ಬಾಗಿಲು ಸರಿಯಾಗಿ ಹಾಕಿದ್ದಾರೋ ಇಲ್ಲವೋ ನೋಡಿ ಬಂದರಂತೆ. ಉದ್ದಣ್ಣ ಹೇಳಿದ್ದು. ನಿನ್ನ ಹಿಂದೆ ಟಾರ್ಚ್ ಹಿಡಿದು ನಿಲ್ಲುತ್ತಿದ್ದದ್ದು ನಿನಗೆ ಕೆಲಸ ಬರುವುದಿಲ್ಲ ಎಂದಲ್ಲ ಕಣೇ. ನಿನ್ನ ಕೈ ಯಂತ್ರದೊಳಗಿದ್ದಾಗ ಲಿಫ್ಟು ಹೊರಟುಬಿಟ್ಟರೆ ಎಂದು ಇವರಿಗೆ ಪ್ರಾಣಭಯ. ಅದನ್ನು ಬಾಯಿಬಿಟ್ಟು ಹೇಳುವ ಜಾತಿ ಅಲ್ಲ. ನೀನೂ ಅಲ್ಲ. ಇಬ್ಬರ ನಡುವೆ ನನಗೆ ಸಾಕಾಗಿದೆ.

ಅಕ್ಕ

—

ಡಿಸೆಂಬರ್ ೧೪

ಚೋಟು,

ನೀನು ಹೇಳಿದ್ದನ್ನು ಬಾಯಿಮಾತಿನಲ್ಲಿ ಒಪ್ಪಲೂ ಆಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಸ್ವಿಚ್ ಸರಿಯಿದೆ ಎಂದು ಯಾರಾದರೂ ಹೇಳಿದರೆ ನಾವು ನಂಬುವುದಿಲ್ಲ, ತಂತಿ ಬಿಡಿಸಿ ನೋಡುತ್ತೇವೆ. ಹಾಗೇ ನೋಡೋಣ ಎಂದುಕೊಂಡೆ. ಕಳೆದ ವಾರ ನೋಡಿದೆ.

ದೊಡ್ಡ ಅಂಗಡಿಯ ಕಟ್ಟಡದಲ್ಲಿ ಉದ್ದಣ್ಣನಿಗೆ ಕೆಲಸವಿತ್ತು. ಜಂಪರ್ ಹಾಕಲೇಬೇಕಾದ ಕೆಲಸ. ಕಾವಲುಗಾರನಿಗೆ ಮಾತ್ರ ಹೇಳಿ, ಮಧ್ಯಾಹ್ನದ ನಂತರ ಲಿಫ್ಟಿನ ಮುಖ್ಯ ಸ್ವಿಚ್ಚನ್ನೇ ಬಂದ್ ಮಾಡಿಸಿಟ್ಟೆ. ಏನೇ ಆದರೂ ಯಾರಿಗೂ ಅಪಾಯವಾಗಬಾರದಲ್ಲ. ಉದ್ದಣ್ಣನಿಗೆ, ಊರ ಕಡೆಯ ಕರೆಂಟೇ ಹೋಗಿದೆ, ಬಂದ ಮೇಲೆ ನಾನು ಓಡಿಸಿ ನೋಡುತ್ತೇನೆ, ನೀನು ಮುಗಿಸಿ ಹೊರಡು ಎಂದು ಹೇಳಿಸಿದೆ. ಅವನು ಕೆಳಗಿನ ಮಹಡಿಯ ಬಾಗಿಲ ಹತ್ತಿರ ಬಗ್ಗಿದ್ದಾಗ ನಾನು ಮೆಟ್ಟಿಲು ಹತ್ತಿದೆ. ಮಂಡಿಗೆ ಅದು ಇಷ್ಟವಾಗಲಿಲ್ಲ, ನಡುವೆ ಎರಡು ಕಡೆ ಕೂತೆ. ಮಿಷನ್ ರೂಮಿನಲ್ಲಿ ತಂತಿ ಇತ್ತು, ಅದರ ಕೆಳಗೆ ಅವನ ಎಡ ಚಪ್ಪಲಿ ಇತ್ತು. ದೋಣಿಯಷ್ಟು ದೊಡ್ಡದು. ಕೈಚೀಲದಲ್ಲಿ ಹಾಕಿಕೊಂಡು ಕೆಳಗೆ ತಂದು ಬಲದ ಪಕ್ಕ ಇಟ್ಟೆ. ನಿನ್ನ ದೊಡ್ಡಮ್ಮ ಇಟ್ಟ ಹಾಗೆ, ಮುಖ ಹೊರಗೆ ಮಾಡಿ. ಗೇಟಿನ ಪಕ್ಕದ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತೆ.

ಅವನು ಬಂದ. ಕೈ ಒರೆಸಿಕೊಂಡ. ಬಲಗಾಲಿಗೆ ಹಾಕಿಕೊಂಡ. ಎಡಗಾಲಿಗೆ ಹಾಕಿಕೊಂಡ. ಒಂದು ಕ್ಷಣವೂ ನಿಲ್ಲಲಿಲ್ಲ, ಕೆಳಗೆ ನೋಡಲೂ ಇಲ್ಲ. "ಬರ್ತೀನಿ ಯಜಮಾನ್ರೇ," ಎಂದು ಹೇಳಿ ಹೊರಟ. ನನ್ನ ಬಳಿ ಇರುವವರಲ್ಲಿ ಅವನಷ್ಟು ಜೋಪಾನದ ಕೆಲಸಗಾರ ಇನ್ನೊಬ್ಬನಿಲ್ಲ. ಅದಕ್ಕೇ ಅವನನ್ನು ಆರಿಸಿದ್ದು.

ಬೀದಿಯ ತಿರುವಿನವರೆಗೂ ಬಿಟ್ಟೆ. ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಎಂದು ಕಾದೆ. ತಿರುಗಲಿಲ್ಲ. ಕೂಗಿ ಕರೆದೆ. ಬಂದವನಿಗೆ, "ತಂತಿ ತೆಗೆದ್ಯೇನಪ್ಪಾ?" ಎಂದೆ. "ತೆಗೆದಿರ್ತೀನಿ, ಚಪ್ಪಲಿ ಇದೆಯಲ್ಲ," ಎಂದ. ಆಮೇಲೆ ತನ್ನ ಕಾಲನ್ನೇ ನೋಡುತ್ತ ನಿಂತ. ನಾನೇ ತಂದಿಟ್ಟೆ ಎಂದು ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ಆ ಹುಡುಗಿ ಒಬ್ಳೇ ಇದ್ದಳಲ್ಲ ಅಲ್ಲಿ," ಎಂದ. ಇಬ್ಬರೂ ಮೇಲೆ ಹೋಗಿ ತಂತಿ ತೆಗೆದು ಬಂದೆವು.

ನೀನು ಹೇಳಿದ್ದು ಸರಿ. ಅದು ಓಡುವ ಕಡೆಗೇ ಕೆಡುತ್ತದೆ. ತಪಾಸಣಾಧಿಕಾರಿಗೆ ಇದನ್ನೆಲ್ಲ ಬರೆದು ಕಳಿಸಿದ್ದೇನೆ. ಅದರಿಂದ ನಿನ್ನ ಪರವಾನಗಿ ಬೇಗ ಬರುತ್ತದೆ ಎಂದೇನೂ ಅಲ್ಲ. ವರ್ಷ ಮುಗಿಸಿಯೇ ತೆಗೆದುಕೊಳ್ಳಬೇಕು.

ನಿನ್ನೆ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ, ಇವತ್ತಿನಿಂದ ಚಪ್ಪಲಿ ನಿಯಮ ಇಲ್ಲ ಎಂದೆ. ಹಾಗಾದರೆ ಅದರ ಬದಲು ಏನು ಮಾಡಬೇಕು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನಿನಗೆ ತಿಳಿದಿದ್ದರೆ ಬರೆ. ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಬರೆ.

ಭಾವ